ಕೆಂಪು ಬೆಳಕಿನ ಚಿಕಿತ್ಸೆ: ಅಳತೆ ಅರಿತು ಬಳಸೋಣ



ಮಂಡಿನೋವಿಗೆ ಸುತ್ತಿಕೊಳ್ಳುವ ಕೆಂಪು ಪಟ್ಟಿ, ಮುಖದ ಸುಕ್ಕಿಗೆ ಕೆಂಪು ಮುಖವಾಡ, ಉದುರುವ ಕೂದಲಿಗೆ ಕೆಂಪು ಟೋಪಿ, ಗೋಡೆಗೆ ಒರಗಿಸಿಟ್ಟ ಆಳೆತ್ತರದ ಕೆಂಪು ಫಲಕ. ಇವುಗಳಲ್ಲಿ ಒಂದಾದರೂ ಇಂದು ಅಮೆರಿಕದಲ್ಲಿ ನೆಲೆಸಿರುವ ನಮ್ಮ ಅನೇಕರ ಮನೆ ಸೇರಿದೆ, ಇಲ್ಲವೇ ಪಕ್ಕದ ಮನೆಯಲ್ಲಿ ಕಾಣಸಿಗುತ್ತದೆ. ಥ್ಯಾಂಕ್ಸ್‌ಗಿವಿಂಗ್ ಮಾರಾಟದಲ್ಲಿ ಬೆಲೆ ಇಳಿದಾಗ ಕೊಂಡವರಿದ್ದಾರೆ. ಊರಿನಿಂದ ಆರು ತಿಂಗಳಿಗೆಂದು ಬಂದ ಅಪ್ಪ-ಅಮ್ಮನ ನೋವಿಗೆ ಆದೀತೆಂದು ತರಿಸಿದವರಿದ್ದಾರೆ. ಬೆಲೆ ನೂರಾರು ಡಾಲರಿನಿಂದ ಸಾವಿರಾರು ಡಾಲರಿನವರೆಗೆ ಹೋಗುತ್ತದೆ. ಜಾಹೀರಾತನ್ನು ನಂಬಿದರೆ ಇದು ವಾಸಿ ಮಾಡದ ಕಾಯಿಲೆಯೇ ಇಲ್ಲ.

ಇದು ಪೂರ್ತಿ ಮೋಸವೇ? ಅಲ್ಲ. ಎಲ್ಲಕ್ಕೂ ಮದ್ದೇ? ಅದೂ ಅಲ್ಲ. ಕೆಂಪು ಬೆಳಕು ಕೆಲವು ತೊಂದರೆಗಳಿಗೆ ಉಪಯೋಗವಾಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಆದರೆ ಔಷಧಿಗೆ ಇರುವಂತೆಯೇ ಇದಕ್ಕೂ ಪ್ರಮಾಣವಿದೆ, ಪಥ್ಯವಿದೆ, ಕೊಡಬಾರದ ಜಾಗಗಳಿವೆ. ಈ ಲೇಖನದಲ್ಲಿ ಅವನ್ನು ಒಂದೊಂದಾಗಿ ತಿಳಿಯೋಣ.

1. ಬೆಳಕು ಔಷಧಿಯಾದ ಬಗೆ

ನವಜಾತ ಶಿಶುವಿಗೆ ಕಾಮಾಲೆ ಬಂದರೆ ಆಸ್ಪತ್ರೆಯಲ್ಲಿ ದೀಪದ ಕೆಳಗೆ ಮಲಗಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಬಳಸುವುದು ನೀಲಿ ಬೆಳಕು. ಅದು ಚರ್ಮದಲ್ಲಿ ಸೇರಿಕೊಂಡ ಹಳದಿ ಬಿಲಿರುಬಿನ್ನನ್ನು ದೇಹ ಹೊರಹಾಕಬಲ್ಲ ರೂಪಕ್ಕೆ ತರುತ್ತದೆ. ಬೆಳಕು ಔಷಧಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ. ಹಾಗೆಯೇ ಆ ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿರುತ್ತಾರೆ ಎಂಬುದನ್ನೂ ನೆನಪಿಡಿ. ಮುಂದೆ ಆ ವಿಷಯ ಬರುತ್ತದೆ.

ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂದಿತು. ಅನೇಕ ಜಾಹೀರಾತುಗಳು ಇದನ್ನು ಕೆಂಪು ಬೆಳಕಿಗೆ ಸಿಕ್ಕ ಪ್ರಶಸ್ತಿ ಎಂಬಂತೆ ಹೇಳುತ್ತವೆ. ನಿಜ ಸಂಗತಿ ಬೇರೆ. ಅವರಿಗೆ ಪ್ರಶಸ್ತಿ ಬಂದದ್ದು ಚರ್ಮದ ಕ್ಷಯಕ್ಕೆ ಆರ್ಕ್ ದೀಪದ ಸಾಂದ್ರೀಕೃತ ಬೆಳಕನ್ನು ಬಳಸಿದ್ದಕ್ಕೆ. ಅಲ್ಲಿ ಕೆಲಸ ಮಾಡಿದ್ದು ನೀಲಿ, ನೇರಳೆ ಮತ್ತು ನೇರಳಾತೀತ ಕಿರಣಗಳು. ಸಿಡುಬಿನ ರೋಗಿಗಳನ್ನು ಕೆಂಪು ಬೆಳಕಿನ ಕೋಣೆಯಲ್ಲಿ ಇರಿಸಿದರೆ ಕಲೆ ಕಡಿಮೆಯಾಗುತ್ತದೆ ಎಂದೂ ಅವರು ಪ್ರತಿಪಾದಿಸಿದ್ದರು. ಆ ಪದ್ಧತಿ ಕಾಲಕ್ರಮೇಣ ಬಿಟ್ಟುಹೋಯಿತು. ದೊಡ್ಡವರ ಹೆಸರು ಜೊತೆಗಿದ್ದ ಮಾತ್ರಕ್ಕೆ ಚಿಕಿತ್ಸೆ ನಿಜವಾಗುವುದಿಲ್ಲ ಎಂಬ ಪಾಠ ಇಲ್ಲಿಯೇ ಇದೆ.

ಇಂದಿನ ಕೆಂಪು ಬೆಳಕಿನ ಚಿಕಿತ್ಸೆ ಆರಂಭವಾದದ್ದು ಹಂಗೇರಿಯ ಬುಡಾಪೆಸ್ಟಿನಲ್ಲಿ. 1960ರಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರ್ ತಯಾರಿಸಿದರು. ಅದು ಮಾಣಿಕ್ಯದ ಹರಳಿನಿಂದ ಹೊಮ್ಮುವ ಕೆಂಪು ಬೆಳಕು. 1967ರ ಸುಮಾರಿಗೆ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಅಂಥ ದುರ್ಬಲ ಲೇಸರನ್ನು ಇಲಿಗಳ ಬೋಳಿಸಿದ ಬೆನ್ನಿನ ಮೇಲೆ ಹಾಯಿಸಿದಾಗ, ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗ ಬೆಳೆಯಿತು. ಮುಂದೆ ಅವರು ವಾಸಿಯಾಗದ ಹುಣ್ಣುಗಳ ಮೇಲೆ ಇದನ್ನು ಪರೀಕ್ಷಿಸಿದರು. 1990ರ ದಶಕದಲ್ಲಿ ನಾಸಾ ಸಂಸ್ಥೆ ಬಾಹ್ಯಾಕಾಶದಲ್ಲಿ ಗಿಡ ಬೆಳೆಸಲು ಎಲ್‌ಇಡಿ ದೀಪಗಳನ್ನು ಮಾಡಿಸಿತು. ಆ ದೀಪಗಳನ್ನೇ ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನ ಡಾ. ಹ್ಯಾರಿ ವೀಲನ್ ಗಾಯಗಳ ಮೇಲೆ ಬಳಸಿ ನೋಡಿದರು. ಲೇಸರಿಗಿಂತ ಅಗ್ಗವಾದ ಎಲ್‌ಇಡಿ ಬಂದದ್ದರಿಂದಲೇ ಈ ಚಿಕಿತ್ಸೆ ಮನೆಬಾಗಿಲಿಗೆ ಬಂದಿತು. ವೈದ್ಯರು ಇದನ್ನು ಫೋಟೊಬಯೊಮಾಡ್ಯುಲೇಷನ್ ಎಂದು ಕರೆಯುತ್ತಾರೆ.

2. ಯಾವುದು ಈ ಬೆಳಕು, ಯಾವುದು ಅಲ್ಲ

ಬೆಳಕಿನ ಬಣ್ಣವನ್ನು ನ್ಯಾನೊಮೀಟರಿನಲ್ಲಿ ಅಳೆಯುತ್ತಾರೆ. ಈ ಚಿಕಿತ್ಸೆಯಲ್ಲಿ ಹೆಚ್ಚಾಗಿ ಬಳಸುವುದು ಎರಡು ಬಗೆ. ಸುಮಾರು 630ರಿಂದ 660 ನ್ಯಾನೊಮೀಟರಿನ ಕೆಂಪು ಬೆಳಕು ಕಣ್ಣಿಗೆ ಕಾಣುತ್ತದೆ ಮತ್ತು ಹೆಚ್ಚಾಗಿ ಚರ್ಮದ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಸುಮಾರು 810ರಿಂದ 850 ನ್ಯಾನೊಮೀಟರಿನ ಅವಕೆಂಪು ಬೆಳಕು ಕಣ್ಣಿಗೆ ಬಹುಮಟ್ಟಿಗೆ ಕಾಣುವುದೇ ಇಲ್ಲ, ಆದರೆ ಇನ್ನೂ ಆಳಕ್ಕೆ ಇಳಿಯುತ್ತದೆ. ಹಾಗಾಗಿ ಮುಖದ ಚರ್ಮಕ್ಕೆ ಮೊದಲನೆಯದು, ಕೀಲು ಸ್ನಾಯುಗಳಿಗೆ ಎರಡನೆಯದು ಹೆಚ್ಚು ಸೂಕ್ತ.

ಇದನ್ನು ಹೋಲುವ ಬೇರೆ ದೀಪಗಳಿವೆ. ಊರಿನ ಫಿಸಿಯೊಥೆರಪಿ ಕ್ಲಿನಿಕ್ಕುಗಳಲ್ಲಿ ಸೊಂಟಕ್ಕೆ ಹಿಡಿಯುವ ಕೆಂಪು ಬಲ್ಬಿನ ದೀಪ ಮುಖ್ಯವಾಗಿ ಶಾಖ ಕೊಡುವಂಥದು. ಇನ್‌ಫ್ರಾರೆಡ್ ಸೌನಾ ಕೂಡ ಶಾಖದ್ದೇ ಕೆಲಸ. ಚರ್ಮಕ್ಕೆ ಕಂದು ಬಣ್ಣ ಬರಿಸುವ ಟ್ಯಾನಿಂಗ್ ದೀಪದಲ್ಲಿ ಇರುವುದು ನೇರಳಾತೀತ ಕಿರಣ. ಅದರಿಂದ ಚರ್ಮದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಸಾಮಾನ್ಯ ಬಲ್ಬಿಗೆ ಕೆಂಪು ಗಾಜಿನ ಕಾಗದ ಸುತ್ತಿದರೆ ಚಿಕಿತ್ಸೆಯಾಗುವುದಿಲ್ಲ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲಿಯೇ ಬಿಡಿಸೋಣ. ಈ ಕೆಂಪು ಫಲಕದ ಎದುರು ಎಷ್ಟು ಹೊತ್ತು ಕುಳಿತರೂ ವಿಟಮಿನ್ ಡಿ ತಯಾರಾಗುವುದಿಲ್ಲ. ಅದಕ್ಕೆ ನೇರಳಾತೀತ ಬಿ ಕಿರಣ ಬೇಕು. ಚಳಿಗಾಲದಲ್ಲಿ ಬಿಸಿಲು ಕಾಣದ ರಾಜ್ಯಗಳಲ್ಲಿರುವ ನಮ್ಮವರು ಈ ದೀಪವನ್ನು ನಂಬಿ ವಿಟಮಿನ್ ಡಿ ಮಾತ್ರೆಯನ್ನು ಬಿಡಬಾರದು.

3. ದೇಹದೊಳಗೆ ಏನಾಗುತ್ತದೆ

ನಮ್ಮ ಬಹುತೇಕ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಪುಟ್ಟ ಅಡುಗೆಮನೆ ಇದೆ. ತಿಂದ ಅನ್ನ, ಉಸಿರಾಡಿದ ಆಮ್ಲಜನಕ ಎರಡೂ ಸೇರಿ ಶಕ್ತಿಯಾಗುವುದು ಅಲ್ಲಿಯೇ. ಅಲ್ಲಿರುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಕೆಂಪು ಮತ್ತು ಅವಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ ಎಂದು ರಷ್ಯದ ವಿಜ್ಞಾನಿ ಟೀನಾ ಕಾರು ಪ್ರತಿಪಾದಿಸಿದರು. ಬೆಳಕು ಬಿದ್ದಾಗ ಆ ಕಿಣ್ವಕ್ಕೆ ಅಂಟಿಕೊಂಡಿದ್ದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ, ಶಕ್ತಿಯ ಉತ್ಪಾದನೆ ಚುರುಕಾಗುತ್ತದೆ, ರಕ್ತನಾಳಗಳು ಹಿಗ್ಗುತ್ತವೆ, ಉರಿಯೂತ ತಗ್ಗುತ್ತದೆ ಎಂಬುದು ಹೆಚ್ಚು ಪ್ರಚಲಿತವಾದ ವಿವರಣೆ. ಇದೊಂದೇ ಕಾರಣವಲ್ಲ, ಬೇರೆ ದಾರಿಗಳೂ ಇರಬಹುದು ಎಂದು ಇಂದಿನ ಸಂಶೋಧಕರು ಚರ್ಚಿಸುತ್ತಿದ್ದಾರೆ.

ಇಲ್ಲಿ ಗಮನಿಸಬೇಕಾದದ್ದು ಒಂದು. ಬೆಳಕು ಸೊರಗಿದ ಜೀವಕೋಶಕ್ಕೆ ಸ್ವಲ್ಪ ಆಸರೆ ಕೊಡುತ್ತದೆ ಅಷ್ಟೇ. ಸವೆದುಹೋದ ಮಂಡಿಚಿಪ್ಪನ್ನು ಅದು ಹೊಸದಾಗಿ ಬೆಳೆಸಲಾರದು, ಸತ್ತ ಕೂದಲ ಬುಡವನ್ನು ಎಬ್ಬಿಸಲಾರದು.

4. ಎಲ್ಲಿ ಪುರಾವೆ ಇದೆ, ಎಲ್ಲಿ ಇಲ್ಲ

ಪುರಾವೆ ಬಲವಾಗಿರುವ ಕಡೆಯಿಂದ ಆರಂಭಿಸೋಣ. ಕ್ಯಾನ್ಸರಿಗೆ ರೇಡಿಯೇಷನ್, ಕೀಮೋಥೆರಪಿ ಪಡೆಯುವವರಿಗೆ ಬಾಯಿಯ ತುಂಬ ಹುಣ್ಣಾಗಿ ನೀರು ಕುಡಿಯುವುದೂ ಕಷ್ಟವಾಗುತ್ತದೆ. ಇದನ್ನು ತಡೆಯಲು ಈ ಬೆಳಕನ್ನು ಬಳಸಬಹುದೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲಿ ಮಾರ್ಗದರ್ಶನ ಹೊರಡಿಸಿತು. ಕ್ಯಾನ್ಸರ್ ರೋಗಿಗಳ ಶುಶ್ರೂಷೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿಯೂ ಇದನ್ನು ಶಿಫಾರಸು ಮಾಡುತ್ತದೆ. ಇದು ಆಸ್ಪತ್ರೆಯಲ್ಲಿ, ಕ್ಯಾನ್ಸರ್ ವೈದ್ಯರ ಕಣ್ಣೆದುರು ನಡೆಯುವ ಚಿಕಿತ್ಸೆ. ಮನೆಯ ಫಲಕದಿಂದ ಮಾಡುವಂಥದಲ್ಲ.

ಕುತ್ತಿಗೆ ನೋವಿನ ಬಗ್ಗೆ 16 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆ 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಸರ್ ಚಿಕಿತ್ಸೆಯಿಂದ ನೋವು ಕಡಿಮೆಯಾಗಿತ್ತು. ಮಂಡಿ ಸವೆತದ ನೋವಿನ ಬಗ್ಗೆ 2019ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಬಂದ ವಿಮರ್ಶೆ ಇನ್ನೂ ಸ್ವಾರಸ್ಯಕರ. ಶಿಫಾರಸು ಮಾಡಿದ ಪ್ರಮಾಣ ಕೊಟ್ಟ ಪ್ರಯೋಗಗಳಲ್ಲಿ ನೋವು ತಗ್ಗಿತ್ತು. ಪ್ರಮಾಣ ತಪ್ಪಿದ ಪ್ರಯೋಗಗಳಲ್ಲಿ ಅಂಥ ಲಾಭ ಕಾಣಲಿಲ್ಲ. ಈ ಎರಡರಲ್ಲೂ ಬಳಸಿದ್ದು ಚರ್ಮಕ್ಕೆ ಹತ್ತಿರ ಹಿಡಿಯುವ ಲೇಸರ್ ಎಂಬುದು ನೆನಪಿರಲಿ. ಅದೇ ಫಲ ಎರಡು ಅಡಿ ದೂರದ ಫಲಕದಿಂದ ಬರುತ್ತದೆಂದು ತಿಳಿಯಬಾರದು.

ಕೂದಲಿನ ವಿಷಯದಲ್ಲಿ, ವಂಶಪಾರಂಪರ್ಯವಾಗಿ ತೆಳ್ಳಗಾಗುವ ಕೂದಲಿಗೆ ಲೇಸರ್ ಬಾಚಣಿಗೆಯೊಂದಕ್ಕೆ ಅಮೆರಿಕದ ಎಫ್‌ಡಿಎ 2007ರಲ್ಲಿ ಮಾರಾಟದ ಅನುಮತಿ ನೀಡಿತು. ವಾರಕ್ಕೆ 3 ಬಾರಿಯಂತೆ 26 ವಾರ ಬಳಸಿದವರಲ್ಲಿ, ಹುಸಿ ಬಾಚಣಿಗೆ ಬಳಸಿದವರಿಗಿಂತ ಕೂದಲ ಸಂಖ್ಯೆ ಹೆಚ್ಚಿತ್ತು. ಪೂರ್ತಿ ಬೋಳಾದ ಜಾಗದಲ್ಲಿ ಬೆಳೆ ನಿರೀಕ್ಷಿಸುವಂತಿಲ್ಲ. ಮುಖದ ಸಣ್ಣ ಸುಕ್ಕು, ಸಾಧಾರಣ ಮೊಡವೆ ಇವುಗಳಿಗೂ ಸ್ವಲ್ಪ ಮಟ್ಟಿನ ಪ್ರಯೋಜನ ಕಂಡಿದೆ. ಮೊಡವೆಗೆ ಕೆಂಪಿನ ಜೊತೆ ನೀಲಿ ಬೆಳಕನ್ನೂ ಸೇರಿಸುತ್ತಾರೆ.

ತೂಕ ಇಳಿಸುವುದು, ಮರೆವಿನ ಕಾಯಿಲೆ, ಖಿನ್ನತೆ, ಸಕ್ಕರೆ ಕಾಯಿಲೆ, ಬಿ.ಪಿ. ಇವುಗಳಿಗೆ ಮನೆಯ ದೀಪ ಮದ್ದೆಂದು ನಂಬಲು ಸಾಕಷ್ಟು ಆಧಾರವಿಲ್ಲ. ಥೈರಾಯ್ಡ್ ಬಗ್ಗೆ ಬ್ರೆಜಿಲಿನಲ್ಲಿ ನಡೆದ ಸಣ್ಣ ಪ್ರಯೋಗವೊಂದರ ವರದಿ 2013ರಲ್ಲಿ ಬಂದಿತ್ತು. ಅದು ವೈದ್ಯರ ಕೈಯ ಲೇಸರ್, ರಕ್ತಪರೀಕ್ಷೆಯ ಜೊತೆಜೊತೆಗೆ ನಡೆದದ್ದು. ಅದನ್ನು ಓದಿ ಬೆಳಗಿನ ಥೈರಾಯ್ಡ್ ಮಾತ್ರೆಯನ್ನು ಬಿಡುವುದು ಅಪಾಯಕಾರಿ.

5. ಪ್ರಮಾಣದ ಲೆಕ್ಕ

ಸಾರಿಗೆ ಉಪ್ಪು ಕಡಿಮೆಯಾದರೆ ಸಪ್ಪೆ, ಹೆಚ್ಚಾದರೆ ಬಾಯಿಗಿಡಲಾಗದು. ಈ ಬೆಳಕೂ ಹಾಗೆಯೇ. ಕಡಿಮೆ ಬಿದ್ದರೆ ಏನೂ ಆಗುವುದಿಲ್ಲ; ಒಂದು ಮಟ್ಟದಲ್ಲಿ ಲಾಭ; ಅದನ್ನು ಮೀರಿದರೆ ಲಾಭ ಇಳಿಯುತ್ತದೆ, ಕೆಲವೊಮ್ಮೆ ಜೀವಕೋಶದ ಕೆಲಸವೇ ಕುಂಠಿತವಾಗುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ನಮ್ಮ ಹಿರಿಯರ ಮಾತು ಪ್ರಯೋಗಾಲಯದಲ್ಲೂ ನಿಜವಾಗಿದೆ.

ಲೆಕ್ಕ ಸುಲಭ. ಚರ್ಮದ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಬೆಳಕಿನ ಬಲವನ್ನು ಮಿಲಿವ್ಯಾಟಿನಲ್ಲಿ ಹೇಳುತ್ತಾರೆ. ಅದನ್ನು ಸೆಕೆಂಡುಗಳಿಂದ ಗುಣಿಸಿ 1000ದಿಂದ ಭಾಗಿಸಿದರೆ ಒಂದು ಚದರ ಸೆಂಟಿಮೀಟರಿಗೆ ಎಷ್ಟು ಜೂಲ್ ಬಿತ್ತು ಎಂದು ತಿಳಿಯುತ್ತದೆ.

ಉದಾಹರಣೆ ಒಂದು: 40 ಮಿಲಿವ್ಯಾಟ್, 150 ಸೆಕೆಂಡು. 40ನ್ನು 150ರಿಂದ ಗುಣಿಸಿದರೆ 6000. 1000ದಿಂದ ಭಾಗಿಸಿದರೆ 6 ಜೂಲ್.

ಉದಾಹರಣೆ ಎರಡು: 100 ಮಿಲಿವ್ಯಾಟ್, 60 ಸೆಕೆಂಡು. ಇದೂ 6 ಜೂಲ್.

ಉದಾಹರಣೆ ಮೂರು: ಅದೇ 100 ಮಿಲಿವ್ಯಾಟ್ ಫಲಕದ ಎದುರು ಟಿ.ವಿ. ನೋಡುತ್ತ 20 ನಿಮಿಷ ಕುಳಿತರೆ 120 ಜೂಲ್. ಅಂದರೆ ಎರಡನೆಯ ಉದಾಹರಣೆಯ 20 ಪಟ್ಟು.

ಆದ್ದರಿಂದ "ಹತ್ತು ನಿಮಿಷ ಹಿಡಿದರೆ ಸಾಕು" ಎಂಬ ಮಾತಿಗೆ ಅರ್ಥವಿಲ್ಲ. ಯಾವ ಯಂತ್ರ, ಎಷ್ಟು ದೂರ ಎಂಬುದು ತಿಳಿದಾಗ ಮಾತ್ರ ನಿಮಿಷಕ್ಕೆ ಅರ್ಥ ಬರುತ್ತದೆ. ದೂರ ಸರಿದಂತೆ ಬಲ ಕುಗ್ಗುತ್ತದೆ. ತಯಾರಕರು ಕೊಡುವ ಅಂಕಿಗಳನ್ನೂ ಜಾಗರೂಕತೆಯಿಂದ ನೋಡಿ. ಸೌರಫಲಕಕ್ಕೆಂದು ಮಾಡಿದ ಅಗ್ಗದ ಮೀಟರಿನಿಂದ ಅಳೆದರೆ ಎಲ್‌ಇಡಿ ಬೆಳಕಿನ ಬಲ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಯಂತ್ರದ ಕೈಪಿಡಿಯಲ್ಲಿ ಹೇಳಿದ ದೂರ ಮತ್ತು ಸಮಯದಿಂದಲೇ ಆರಂಭಿಸಿ. ಬೇಗ ಗುಣವಾಗಲೆಂದು ಎರಡರಷ್ಟು ಮಾಡಬೇಡಿ.

6. ಕಣ್ಣಿನ ಎಚ್ಚರ

ಕಣ್ಣಿನ ಮಸೂರ ಬೆಳಕನ್ನು ಅಕ್ಷಿಪಟಲದ ಒಂದು ಚುಕ್ಕೆಯ ಮೇಲೆ ಕೂಡಿಸುತ್ತದೆ. ಪ್ರಖರ ಬೆಳಕು ಕಂಡರೆ ರೆಪ್ಪೆ ತಾನಾಗಿ ಮುಚ್ಚುತ್ತದೆ. ಆದರೆ ಅವಕೆಂಪು ಬೆಳಕು ಕಾಣುವುದಿಲ್ಲವಾದ್ದರಿಂದ ರೆಪ್ಪೆ ಮುಚ್ಚುವುದಿಲ್ಲ, ಬೆಳಕು ಮಾತ್ರ ಒಳಗೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಫಲಕವನ್ನು ನೇರವಾಗಿ ದಿಟ್ಟಿಸಬಾರದು. ಯಂತ್ರದ ಜೊತೆ ಕೊಟ್ಟ ರಕ್ಷಾ ಕನ್ನಡಕ ಧರಿಸಬೇಕು. ಮಾಮೂಲು ತಂಪು ಕನ್ನಡಕ ಸಾಲದು.

ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಮೀಪದೃಷ್ಟಿ ಹೆಚ್ಚುವುದನ್ನು ತಡೆಯಲು ಚೀನಾದಲ್ಲಿ ಮಕ್ಕಳು ಕೆಂಪು ಬೆಳಕಿನ ಯಂತ್ರದೊಳಗೆ ದಿನಕ್ಕೆ ಎರಡು ಬಾರಿ 3 ನಿಮಿಷ ನೋಡುವ ಚಿಕಿತ್ಸೆ ಬಂದಿದೆ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕನ್ನಡಕದ ನಂಬರು ಏರುವುದು ನಿಧಾನವಾಗಿತ್ತು. ಆದರೆ 2023ರಲ್ಲಿ 12 ವರ್ಷದ ಬಾಲಕಿಯೊಬ್ಬಳು ಐದು ತಿಂಗಳು ಇದನ್ನು ಬಳಸಿದ ಮೇಲೆ ಎರಡೂ ಕಣ್ಣಿನ ದೃಷ್ಟಿ ಕುಂದಿತೆಂದೂ, ಅಕ್ಷಿಪಟಲಕ್ಕೆ ಹಾನಿಯಾಗಿತ್ತೆಂದೂ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಚಿಕಿತ್ಸೆ ನಿಲ್ಲಿಸಿದ ಮೇಲೆ ದೃಷ್ಟಿ ಸುಧಾರಿಸಿತು. 2024ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಎರಡು ಯಂತ್ರಗಳನ್ನು ಅಳೆದು, 3 ನಿಮಿಷದ ನೋಟವೇ ಸುರಕ್ಷತೆಯ ಮಿತಿಯನ್ನು ಮುಟ್ಟುತ್ತದೆ ಅಥವಾ ಮೀರುತ್ತದೆ ಎಂದು ತಿಳಿಸಿದರು. ಚೀನಾ ಸರಕಾರ ಈ ಯಂತ್ರಗಳನ್ನು ಅತಿ ಹೆಚ್ಚಿನ ನಿಗಾ ಬೇಕಾದ ವೈದ್ಯಕೀಯ ಉಪಕರಣಗಳ ವರ್ಗಕ್ಕೆ ಸೇರಿಸಿದೆ. ಮಗುವಿನ ಕನ್ನಡಕದ ನಂಬರು ಏರುತ್ತಿದೆಯೆಂದು ಮನೆಯ ಕೆಂಪು ದೀಪವನ್ನು ನೋಡಿಸುವ ಪ್ರಯತ್ನವನ್ನು ಯಾರೂ ಮಾಡಬಾರದು.

ಇದಕ್ಕೆ ವಿರುದ್ಧವೆಂಬಂತೆ ಕಾಣುವ ಸುದ್ದಿಯೂ ಇದೆ. ವಯಸ್ಸಾದವರ ಒಣ ಬಗೆಯ ಮ್ಯಾಕುಲರ್ ಡಿಜೆನರೇಷನ್ ಕಾಯಿಲೆಗೆ ಬೆಳಕಿನ ಯಂತ್ರವೊಂದಕ್ಕೆ ಎಫ್‌ಡಿಎ 2024ರ ನವೆಂಬರಿನಲ್ಲಿ ಅನುಮತಿ ಕೊಟ್ಟಿತು. ಆದರೆ ಅದು ಕಣ್ಣಿನ ವೈದ್ಯರ ಕೋಣೆಯಲ್ಲಿ, ನಿಖರವಾಗಿ ಅಳೆದ ಬೆಳಕಿನಿಂದ ನಡೆಯುವ ಚಿಕಿತ್ಸೆ. ಅದನ್ನು ಕೇಳಿ ತಾತ ಅಜ್ಜಿಯರನ್ನು ಫಲಕದ ಎದುರು ಕಣ್ಣು ಬಿಟ್ಟು ಕೂರಿಸುವಂತಿಲ್ಲ.

7. ನಮ್ಮ ಮೈಬಣ್ಣದ ಲೆಕ್ಕ ಬೇರೆ

ಈ ಸಂಗತಿಯನ್ನು ಜಾಹೀರಾತುಗಳು ಹೇಳುವುದು ಅಪರೂಪ. ನಮ್ಮ ಚರ್ಮದಲ್ಲಿ ಮೆಲನಿನ್ ಹೆಚ್ಚು. ಅದು ಬೆಳಕನ್ನು ಹೀರಿ ಶಾಖವಾಗಿ ಮಾರ್ಪಡಿಸುತ್ತದೆ. ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಂಪು ಎಲ್‌ಇಡಿ ಬೆಳಕನ್ನು ಹಂತಹಂತವಾಗಿ ಏರಿಸಿ ನೋಡಿದರು. ಬಿಳಿ ಚರ್ಮದವರಿಗೆ ಚದರ ಸೆಂಟಿಮೀಟರಿಗೆ 480 ಜೂಲಿನವರೆಗೆ ಸುರಕ್ಷಿತವೆಂದು ಕಂಡರೆ, ಕಂದು ಮತ್ತು ಕಪ್ಪು ಚರ್ಮದವರಿಗೆ ಆ ಮಿತಿ 320 ಜೂಲ್ ಆಗಿತ್ತು. ಅದನ್ನು ಮೀರಿದಾಗ ಗುಳ್ಳೆ ಏಳುವುದು, ಕೆಂಪು ಉಳಿಯುವುದು ಕಂಡುಬಂತು. ಮನೆಬಳಕೆಯ ಪ್ರಮಾಣ ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆ. ಆದರೂ ಬಲವಾದ ಫಲಕಕ್ಕೆ ಅಂಟಿ ಕೂತು ಗಂಟೆಗಟ್ಟಲೆ ಕಳೆಯುವವರು ಇದನ್ನು ಮರೆಯಬಾರದು. 320 ಎಂಬುದು ಸುರಕ್ಷತೆಯ ಮೇಲ್ಮಿತಿ, ತಲುಪಬೇಕಾದ ಗುರಿಯಲ್ಲ.

ಕೆನ್ನೆಯ ಮೇಲೆ ಬಂಗು ಇರುವ ಹೆಂಗಸರು ಚರ್ಮವೈದ್ಯರನ್ನು ಕೇಳದೆ ಮುಖವಾಡ ಹಾಕಿಕೊಳ್ಳಬೇಡಿ. ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ನೀಲಿ, ಮತ್ತು ಶಾಖ ಇವೆರಡೂ ನಮ್ಮ ಬಣ್ಣದ ಚರ್ಮದಲ್ಲಿ ಬಂಗನ್ನು ಕಪ್ಪಾಗಿಸಬಲ್ಲವು. ಕೆಂಪು-ನೀಲಿ ಎರಡೂ ಇರುವ ಮುಖವಾಡದಲ್ಲಿ ನೀಲಿಯನ್ನು ಆರಿಸುವ ಗುಂಡಿ ಇದೆಯೇ ಎಂದು ನೋಡಿ. ಮೊದಲ ಸಲ ಬಳಸುವಾಗ ದವಡೆಯ ಕೆಳಗೆ ಸಣ್ಣ ಜಾಗದಲ್ಲಿ ಅರ್ಧ ಸಮಯ ಹಿಡಿದು, ಎರಡು ದಿನ ಕಾದು ನೋಡುವುದು ಒಳ್ಳೆಯದು.

8. ಯಾರು ವೈದ್ಯರನ್ನು ಕೇಳದೆ ಬಳಸಬಾರದು

ಬೆಳಕಿಗೆ ಚರ್ಮವನ್ನು ಸೂಕ್ಷ್ಮವಾಗಿಸುವ ಔಷಧಿ ತೆಗೆದುಕೊಳ್ಳುವವರು. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಮತ್ತು ಐಸೊಟ್ರೆಟಿನೊಯಿನ್, ಬಿ.ಪಿ.ಗೆ ಕೊಡುವ ಹೈಡ್ರೊಕ್ಲೋರೊಥಯಜೈಡ್, ಹೃದಯಬಡಿತಕ್ಕೆ ಕೊಡುವ ಅಮಿಯೊಡರೋನ್ ಈ ಪಟ್ಟಿಯಲ್ಲಿವೆ. ಇವುಗಳಲ್ಲಿ ಹೆಚ್ಚಿನವು ನೇರಳಾತೀತ ಕಿರಣಕ್ಕೆ ಪ್ರತಿಕ್ರಿಯಿಸುವಂಥವು. ಆದರೂ ಕೇಳಿಯೇ ಮುಂದುವರಿಯುವುದು ಕ್ಷೇಮ. ಫೋಟೊಡೈನಮಿಕ್ ಚಿಕಿತ್ಸೆ ಪಡೆಯುವವರಿಗಂತೂ ಔಷಧಿ ಕೆಲಸ ಮಾಡುವುದೇ ಬೆಳಕಿನಿಂದ. ಅಂಥವರು ಈ ದೀಪದ ಹತ್ತಿರವೂ ಹೋಗಬಾರದು.

ಲೂಪಸ್, ಪೋರ್ಫಿರಿಯಾ ಇರುವವರು; ಅಕ್ಷಿಪಟಲದ ಕಾಯಿಲೆ ಇರುವವರು; ಮಿನುಗುವ ಬೆಳಕಿನಿಂದ ಮೂರ್ಛೆ ಬರುವವರು; ಕ್ಯಾನ್ಸರ್ ಇರುವವರು ಅಥವಾ ಬಣ್ಣ, ಆಕಾರ ಬದಲಾಗುತ್ತಿರುವ ಮಚ್ಚೆ ಇರುವವರು. ಗರ್ಭಿಣಿಯರ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿಲ್ಲವಾದ್ದರಿಂದ ಹೊಟ್ಟೆ, ಸೊಂಟಕ್ಕೆ ಹಿಡಿಯದಿರುವುದು ಮೇಲು.

9. ಸಕ್ಕರೆ ಕಾಯಿಲೆಯವರ ಪಾದ

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಡುವುದಾದರೆ ಇದು ಇರಲಿ. ಸಕ್ಕರೆ ಕಾಯಿಲೆ ಬಹುಕಾಲ ಇದ್ದವರಿಗೆ ಪಾದದಲ್ಲಿ ಜೋಮು, ಉರಿ ಬರುತ್ತದೆ, ಸ್ಪರ್ಶ ಕುಗ್ಗುತ್ತದೆ. ಅದಕ್ಕೆ ಅವಕೆಂಪು ಬೆಳಕಿನ ಪಟ್ಟಿಗಳನ್ನು ಮಾರುವವರು ಬಹಳ. 2008ರಲ್ಲಿ ಡಯಾಬಿಟೀಸ್ ಕೇರ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧ ಜನರಿಗೆ ನಿಜ ಯಂತ್ರ, ಉಳಿದವರಿಗೆ ಹುಸಿ ಯಂತ್ರ ಕೊಟ್ಟು ಮನೆಯಲ್ಲಿ ಬಳಸಲು ಹೇಳಿದರು. ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಮೊದಲು 2006ರಲ್ಲಿಯೇ ಮೆಡಿಕೇರ್ ಈ ಬಳಕೆಗೆ ಹಣ ಕೊಡುವುದಿಲ್ಲವೆಂದು ತೀರ್ಮಾನಿಸಿತ್ತು.

ಲಾಭವಿಲ್ಲದಿದ್ದರೂ ನಷ್ಟವೇನು ಎಂದು ಕೇಳಬಹುದು. ನಷ್ಟ ಎರಡು ಬಗೆಯದು. ಸ್ಪರ್ಶವಿಲ್ಲದ ಪಾದಕ್ಕೆ ಸುಡುವುದು ತಿಳಿಯುವುದಿಲ್ಲ. ಪಟ್ಟಿ ಬಿಸಿಯಾದರೂ ತೆಗೆಯುವುದಿಲ್ಲ. ಇದಕ್ಕಿಂತ ದೊಡ್ಡದು ಕಾಲಹರಣ. ಪಾದದ ಸಣ್ಣ ಹುಣ್ಣಿಗೆ ದೀಪ ಹಿಡಿಯುತ್ತ ಮೂರು ವಾರ ಕಳೆದರೆ ಸೋಂಕು ಎಲುಬಿಗೆ ಇಳಿಯಬಹುದು, ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಪರಿಸ್ಥಿತಿ ಬರಬಹುದು. ಊರಿನಿಂದ ಬಂದ ಹಿರಿಯರು ಇಲ್ಲಿನ ಆಸ್ಪತ್ರೆಯ ಖರ್ಚಿಗೆ ಹೆದರಿ, ಮಗನಿಗೂ ಸೊಸೆಗೂ ಹೊರೆಯಾಗಬಾರದೆಂದು ಹುಣ್ಣನ್ನು ಕಾಲುಚೀಲದೊಳಗೆ ಮುಚ್ಚಿಡುವುದುಂಟು. ದೀಪ ಅವರಿಗೆ ಒಳ್ಳೆಯ ನೆಪವಾಗುತ್ತದೆ. ಆದ್ದರಿಂದ ದಿನಕ್ಕೊಮ್ಮೆ ಅವರ ಪಾದವನ್ನು ನೀವೇ ನೋಡಿ. ಹುಣ್ಣು, ಕೆಂಪು, ಬಾವು, ಕೀವು, ದುರ್ವಾಸನೆ ಯಾವುದಿದ್ದರೂ ದೀಪವನ್ನು ಪಕ್ಕಕ್ಕಿಟ್ಟು ಅಂದೇ ವೈದ್ಯರಿಗೆ ತೋರಿಸಿ.

10. ಕೊಳ್ಳುವಾಗ ನೋಡಬೇಕಾದದ್ದು

ಬೆಳ್ಳಗಿರುವುದೆಲ್ಲ ಹಾಲಲ್ಲ. ಪೆಟ್ಟಿಗೆಯ ಮೇಲೆ ಎಫ್‌ಡಿಎ ಎಂಬ ಹೆಸರು ಕಂಡ ಮಾತ್ರಕ್ಕೆ ನಂಬಬೇಡಿ. "ರಿಜಿಸ್ಟರ್ಡ್" ಎಂದರೆ ತಯಾರಕರು ತಮ್ಮ ಹೆಸರನ್ನು ನೋಂದಾಯಿಸಿದ್ದಾರೆ ಎಂದಷ್ಟೇ ಅರ್ಥ. ಯಂತ್ರವನ್ನು ಯಾರೂ ಪರಿಶೀಲಿಸಿಲ್ಲದಿರಬಹುದು. "ಕ್ಲಿಯರ್ಡ್" ಎಂದರೆ ಈಗಾಗಲೇ ಮಾರುಕಟ್ಟೆಯಲ್ಲಿರುವ ಇನ್ನೊಂದು ಯಂತ್ರಕ್ಕೆ ಇದು ಸಮಾನವೆಂದು, ನಿರ್ದಿಷ್ಟ ಉದ್ದೇಶಕ್ಕೆ ಮಾತ್ರ ಒಪ್ಪಿದ್ದಾರೆ ಎಂದರ್ಥ. ಸುಕ್ಕಿಗೆಂದು ಒಪ್ಪಿದ ಯಂತ್ರವನ್ನು ಮಂಡಿಗೆ ಒಪ್ಪಿದಂತಾಗಲಿಲ್ಲ. ಅನುಮತಿಯ ಸಂಖ್ಯೆ ಸಾಮಾನ್ಯವಾಗಿ ಕೆ ಅಕ್ಷರದಿಂದ ಆರಂಭವಾಗುತ್ತದೆ. ಎಫ್‌ಡಿಎ ತಾಣದಲ್ಲಿ ಅದನ್ನು ಹುಡುಕಿ, ಯಾವ ಉದ್ದೇಶಕ್ಕೆ ಎಂದು ಓದಬಹುದು. ಆರೋಗ್ಯ ಉಳಿತಾಯ ಖಾತೆಯ ಹಣದಿಂದ ಕೊಳ್ಳಬಹುದು ಎಂಬುದು ತೆರಿಗೆಯ ವಿಷಯ, ಗುಣದ ಪ್ರಮಾಣಪತ್ರವಲ್ಲ.

ತರಂಗಾಂತರ ಎಷ್ಟು, ಯಾವ ದೂರದಲ್ಲಿ ಎಷ್ಟು ಮಿಲಿವ್ಯಾಟ್, ರಕ್ಷಾ ಕನ್ನಡಕ ಇದೆಯೇ, ತಾನಾಗಿ ಆರುವ ಗಡಿಯಾರ ಇದೆಯೇ, ಹಿಂದಿರುಗಿಸುವ ಅವಕಾಶ ಎಷ್ಟು ದಿನ ಎಂದು ಕೇಳಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ.

ಊರಿಗೆ ಒಯ್ಯುವವರಿಗೂ, ಆರೋಗ್ಯ ಶಿಬಿರಕ್ಕೆ ಕಳಿಸುವ ಉದ್ದೇಶದವರಿಗೂ ಒಂದು ಮಾತು. ಇಲ್ಲಿ ವಿದ್ಯುತ್ 120 ವೋಲ್ಟ್, ಊರಿನಲ್ಲಿ 230 ವೋಲ್ಟ್. ಯಂತ್ರದ ಮೇಲೆ 100-240 ವೋಲ್ಟ್ ಎಂದು ಬರೆದಿರದಿದ್ದರೆ ಅಲ್ಲಿ ಸುಟ್ಟುಹೋಗುತ್ತದೆ. ಅಳತೆ ಹೇಳಿಕೊಡುವವರಿಲ್ಲದ ಕಡೆಗೆ ಇಂಥ ಯಂತ್ರ ಕಳಿಸುವುದಕ್ಕಿಂತ ಸಕ್ಕರೆ ಪರೀಕ್ಷಿಸುವ ಪಟ್ಟಿಗಳನ್ನು, ಪಾದಕ್ಕೆ ಹೊಂದುವ ಮೆತ್ತನೆಯ ಪಾದರಕ್ಷೆಯನ್ನು ಒದಗಿಸುವುದು ಹೆಚ್ಚು ಜನರಿಗೆ ನೆರವಾದೀತು.

11. ಬಳಸುವ ಕ್ರಮ

ಅ. ಮೊದಲು ನೋವಿಗೆ ಅಥವಾ ತೊಂದರೆಗೆ ಕಾರಣವೇನೆಂದು ವೈದ್ಯರಿಂದ ತಿಳಿಯಿರಿ.
ಆ. ಚರ್ಮ ಶುಚಿಯಾಗಿ, ಒಣಗಿರಲಿ. ಕೊಬ್ಬರಿ ಎಣ್ಣೆ, ಅರಿಶಿನ, ಮುಖದ ಕ್ರೀಮು ಬೇಡ. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಬಿಸಿಯಾಗುವ ಪಟ್ಟಿ ಸುತ್ತಿದರೆ ಚರ್ಮ ಸುಡಬಹುದು.
ಇ. ಬಟ್ಟೆ ಬೆಳಕನ್ನು ತಡೆಯುತ್ತದೆ. ಆ ಜಾಗದ ಬಟ್ಟೆ ಸರಿಸಿ.
ಈ. ಕನ್ನಡಕ ಧರಿಸಿ. ಗಡಿಯಾರ ಹಚ್ಚಿಟ್ಟುಕೊಳ್ಳಿ. ನಿದ್ದೆ ಬರುವ ಹೊತ್ತಿನಲ್ಲಿ ಬೇಡ.
ಉ. ಕೈಪಿಡಿ ಬೇರೆ ಹೇಳದಿದ್ದರೆ ವಾರಕ್ಕೆ 3 ದಿನದಿಂದ ಆರಂಭಿಸಿ.
ಊ. ಕ್ಯಾಲೆಂಡರಿನಲ್ಲಿ ದಿನಾಂಕ, ನಿಮಿಷ, ನೋವು ಹತ್ತರಲ್ಲಿ ಎಷ್ಟು ಎಂದು ಬರೆದಿಡಿ.
ಋ. ನೋವಿಗೆ 4ರಿಂದ 6 ವಾರ, ಚರ್ಮಕ್ಕೆ 3 ತಿಂಗಳು, ಕೂದಲಿಗೆ 6 ತಿಂಗಳು ನೋಡಿ. ಬರೆದಿಟ್ಟದ್ದರಲ್ಲಿ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ.
ಎ. ತಲೆನೋವು, ಕಣ್ಣುರಿ, ಮರುದಿನವೂ ಇಳಿಯದ ಕೆಂಪು, ಗುಳ್ಳೆ, ಹೊಸ ಕಪ್ಪು ಕಲೆ ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ.
ಏ. ಮಂಡಿಗೆ ವ್ಯಾಯಾಮ, ತೂಕದ ಹತೋಟಿ, ಮುಖಕ್ಕೆ ಬಿಸಿಲಿನ ರಕ್ಷಣೆ, ಕಾಯಿಲೆಗೆ ವೈದ್ಯರು ಬರೆದ ಮಾತ್ರೆ ಇವು ಮುಂದುವರಿಯಲೇಬೇಕು.

12. ಮನೆಮಂದಿ ಸೇರಿ ಉತ್ತರಿಸಿ

ಈ ಪ್ರಶ್ನೆಗಳನ್ನು ಮನೆಯವರೆಲ್ಲ ಕೂತು ಚರ್ಚಿಸಿದರೆ ಪಾಠ ಮನದಟ್ಟಾಗುತ್ತದೆ.

ಪ್ರಶ್ನೆ 1: 50 ಮಿಲಿವ್ಯಾಟ್ ಯಂತ್ರವನ್ನು 2 ನಿಮಿಷ ಹಿಡಿದರೆ ಚದರ ಸೆಂಟಿಮೀಟರಿಗೆ ಎಷ್ಟು ಜೂಲ್? ಉತ್ತರ: 50ನ್ನು 120ರಿಂದ ಗುಣಿಸಿ 1000ದಿಂದ ಭಾಗಿಸಿದರೆ 6 ಜೂಲ್.

ಪ್ರಶ್ನೆ 2: ಫಲಕದ ದೀಪಗಳಲ್ಲಿ ಅರ್ಧ ಉರಿಯುತ್ತಲೇ ಇಲ್ಲ. ಕೆಟ್ಟಿದೆಯೇ? ಉತ್ತರ: ಅಲ್ಲದಿರಬಹುದು. ಅವು ಕಣ್ಣಿಗೆ ಕಾಣದ ಅವಕೆಂಪು ದೀಪಗಳಾಗಿರಬಹುದು. ಪರೀಕ್ಷಿಸಲೆಂದು ಹತ್ತಿರ ಹೋಗಿ ಇಣುಕಿ ನೋಡಬೇಡಿ.

ಪ್ರಶ್ನೆ 3: ಅತ್ತೆಯವರ ಮಂಡಿನೋವು ಒಂದು ವಾರದಿಂದ ಹೆಚ್ಚಾಗಿದೆ, ಮಂಡಿ ಕೆಂಪಾಗಿ ಬಿಸಿಯಾಗಿದೆ, ಜ್ವರವೂ ಇದೆ. ದೀಪದ ಸಮಯ ಹೆಚ್ಚಿಸಬೇಕೇ? ಉತ್ತರ: ಕೂಡದು. ಇದು ಕೀಲಿನ ಸೋಂಕಿನ ಲಕ್ಷಣವಾಗಿರಬಹುದು. ಅಂದೇ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ 4: ಗೆಳೆಯರೊಬ್ಬರಿಗೆ ಗುಣವಾಯಿತಂತೆ, ನಮಗೂ ಆಗುವುದೇ? ಉತ್ತರ: ಅವರ ತೊಂದರೆ, ಅವರ ಯಂತ್ರ, ಅವರು ಹಿಡಿದ ಅಳತೆ ಮೂರೂ ತಿಳಿಯದೆ ಹೇಳಲಾಗದು. ಕೆಲವು ನೋವು ಕಾಲಕ್ರಮದಲ್ಲಿ ತಾನೇ ಇಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಓದುಗ ಮಿತ್ರರೇ, ಮನೆಯಲ್ಲಿ ಕೆಂಪು ದೀಪ ಈಗಾಗಲೇ ಇದ್ದರೆ ಎಸೆಯಬೇಕಾಗಿಲ್ಲ. ಅದರ ಕೈಪಿಡಿಯನ್ನು ಹುಡುಕಿ ತೆಗೆಯಿರಿ, ಅಳತೆಯನ್ನು ಲೆಕ್ಕ ಹಾಕಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಈ ವಾರವೇ ಅಪ್ಪ-ಅಮ್ಮನಿಗೆ, ಅತ್ತೆ-ಮಾವನಿಗೆ ಫೋನು ಮಾಡಿದಾಗ ಅವರ ಪಾದ ಹೇಗಿದೆ ಎಂದು ಮರೆಯದೆ ಕೇಳಿ. ಈ ಲೇಖನ ತಿಳಿವಳಿಕೆಗಾಗಿ ಮಾತ್ರ; ನಿಮ್ಮ ದೇಹಸ್ಥಿತಿ ಬಲ್ಲ ವೈದ್ಯರ ಸಲಹೆಗೆ ಇದು ಬದಲಿಯಲ್ಲ. ಎಲ್ಲರ ಮನೆಯಲ್ಲೂ ಆರೋಗ್ಯ ನೆಲೆಸಲಿ.